ಅಜ್ಜಿಯ ಹಾಡಿನ ಡಬ್ಬಿ

“ಅಯ್ಯೋ, ಮತ್ತೆ ಬಂತು!”

ಅಮ್ಮನ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಅಜ್ಜಿಯ ಹಾಡಿನ ಡಬ್ಬಿ ತನ್ನ ಪಾಡಿಗೆ ಹಾಡುತ್ತಿತ್ತು. ಸಿನಿಮಾ ಹಾಡಲ್ಲ, ಪೀಪಿ ಒಂದನೇ ಕ್ಲಾಸಿನಲ್ಲಿ ಹಾಡಿ ರೆಕಾರ್ಡ್ ಮಾಡಿಸಿದ್ದ ಇಲಿಮರಿ ಹಾಡು. ಅದೂ ಅಪಸ್ವರದಲ್ಲಿ! ಕಿರುಚಿ ಹಾಡುತ್ತಾಳೆ ಅಂತಲೇ ಅಜ್ಜಿ ಅವಳನ್ನು ಪೀಪಿ ಅಂತ ಕರೆಯುತ್ತಿದ್ದದ್ದು.

ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಡಬ್ಬಿ ಹಾಕಿದಾಗಲೆಲ್ಲ ಇದೇ ಹಾಡು ತಿರುಗಿ ತಿರುಗಿ ಬರುತ್ತಿತ್ತು. ಅಜ್ಜಿಯ ಖಾಲಿ ಕುರ್ಚಿಯಲ್ಲಿ ಯಾರೋ ಕೂತು ಕೇಳುತ್ತಿರುವ ಹಾಗೆ ಅನ್ನಿಸಿ ಪೀಪಿಯ ಮೈ ಜುಮ್ಮೆಂದಿತು.

“ನನಗಂತೂ ಎದೆ ಝಲ್ಲೆನ್ನುತ್ತೆ. ಸಂಜೆ ಗುಜರಿ ಅಂಗಡಿಗೆ ಕೊಟ್ಟುಬಿಡ್ತೀನಿ,” ಅಂದಳು ಅಮ್ಮ.

“ಬೇಡಮ್ಮ! ಅಜ್ಜೀದು ಅಂತ ಉಳಿದಿರೋದು ಅದೊಂದೇ!” ಪೀಪಿಗೆ ಅಳುವೇ ಬಂತು.

ಅಣ್ಣ ನಕ್ಕ. “ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ. ಡಬ್ಬಿ ಶಫಲ್‌ನಲ್ಲಿದೆ ಕಣೆ. ಅಂದ್ರೆ ಕಣ್ಣು ಮುಚ್ಚಿ ಚೀಟಿ ಎತ್ತೋ ಹಾಗೆ ಯಾವುದೋ ಒಂದು ಹಾಡು ಎತ್ತೋದು, ಮತ್ತೆ ಒಳಗೇ ಹಾಕೋದು, ಅಷ್ಟೇ. ನಲವತ್ತು ಹಾಡಿದೆ ಅಂತಿದ್ರಲ್ಲ ಅಜ್ಜಿ? ನಲವತ್ತು ಸಲಕ್ಕೆ ನಿನ್ನದು ಹೆಚ್ಚುಕಮ್ಮಿ ಒಂದು ಸಲ ಬರಬೇಕು. ಬೇಕಾದ್ರೆ ಎಣಿಸು.”

ಪೀಪಿ ನೋಟ್‌ಬುಕ್ ಹಿಡಿದು ಕೂತಳು. ನೆಕ್ಸ್ಟ್ ಒತ್ತುವುದು, ಗೀಟು ಹಾಕುವುದು. ನಲವತ್ತು ಸಲ ಒತ್ತಿದಳು. ಅವಳ ಹಾಡು ಹನ್ನೊಂದು ಸಲ ಬಂತು! ನಡುವೆ ಒಮ್ಮೆಯಂತೂ ಒಂದರ ಬೆನ್ನಿಗೆ ಒಂದು, ಮೂರು ಸಲ.

ಅಣ್ಣನ ನಗು ಆರಿಹೋಯಿತು. “ಯಾರೋ ಆರಿಸ್ತಿದ್ದಾರೆ,” ಅಂದ ಮೆಲ್ಲಗೆ.

ಸಂಜೆ ಅಮ್ಮ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ಪೀಪಿ ಬೆನ್ನು ಬಿಡಲಿಲ್ಲ. ದಾರಿಯಲ್ಲಿ ಮೊಬೈಲ್ ಅಂಗಡಿ ಸಿಕ್ಕಿತು. ಅಜ್ಜಿ ಹಾಡು ತುಂಬಿಸಿಕೊಂಡಿದ್ದು ಅಲ್ಲೇ. ಪೀಪಿ ಅಮ್ಮನ ಕೈ ಜಗ್ಗಿದಳು. “ಒಂದೇ ಒಂದು ಸಲ ತೋರಿಸೋಣಮ್ಮ, ಪ್ಲೀಸ್!”

ಅಂಗಡಿ ಮಾಮ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ನಲವತ್ತು ಹಾಡಿನಲ್ಲಿ ಹತ್ತು ಪೀಪಿಯದೇ! ಹತ್ತೂ ಅದೇ ಇಲಿಮರಿ.

“ಅಜ್ಜಿಗೆ ಹಾಡು ಹುಡುಕೋಕೆ ಬರ್ತಿರಲಿಲ್ಲ. ‘ಮೊಮ್ಮಗಳ ಹಾಡು ಬರೋದೇ ಇಲ್ವಲ್ಲಪ್ಪ’ ಅಂತ ಒಂದೇ ಗೋಳು. ನಲವತ್ತರಲ್ಲಿ ಒಂದಲ್ವಾ ಅಜ್ಜಿ, ಅಪರೂಪಕ್ಕೆ ಬರುತ್ತೆ ಅಂದೆ. ‘ಹಾಗಾದ್ರೆ ಬೇರೆ ಒಂಬತ್ತು ತೆಗೆದು ಅದನ್ನೇ ತುಂಬು’ ಅಂದ್ರು.” ಮಾಮ ಮೌಸ್ ಹಿಡಿದರು. “ಈಗ ಒಂದಿಟ್ಟು ಮಿಕ್ಕಿದ್ದು ಅಳಿಸಲಾ?”

ಅಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

“ಬೇಡ ಮಾಮ, ಹತ್ತೂ ಇರಲಿ,” ಅಂದಳು ಪೀಪಿ.

ಮನೆಗೆ ಬರುವಾಗ ಡಬ್ಬಿ ಯಾವುದೋ ಸಿನಿಮಾ ಹಾಡು ಹಾಡಿತು. ಆಮೇಲೆ ಇನ್ನೊಂದು. ಪೀಪಿ ನೆಕ್ಸ್ಟ್ ಒತ್ತಲಿಲ್ಲ. ಅಜ್ಜಿಯೂ ಹೀಗೇ ಕಾಯುತ್ತಾ ಕೂತಿರಬೇಕು ಅಂದುಕೊಂಡು, ಅಮ್ಮನ ಕೈ ಹಿಡಿದು ನಡೆದಳು.