ಒಂಬತ್ತನೇ ಫ್ಯಾನಿನ ಫೋಟೋ

ಊರವರು ಫ್ಯಾನ್ ಎನ್ನುವ ಗಾಳಿಯಂತ್ರಗಳನ್ನು ಎಂಟು ವರ್ಷ ಹತ್ತಿಳಿದ ದುರುಗೇಶನಿಗೆ ಈಗ ಎತ್ತರವೆಂದರೆ ಭಯ. ಇದನ್ನು ಅವನು ಹೆಂಡತಿ ರೋಜಾಳಿಗೂ ಹೇಳಿರಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ, ಕಂಬದೊಳಗಿನ ಏಣಿಯ ಮೇಲೆ, ನೆಲದಿಂದ ಅರವತ್ತು ಮೀಟರ್ ಎತ್ತರದಲ್ಲಿ ಅವನ ಕಾಲು ಜಾರಿತ್ತು. ಸೊಂಟದ ಬೆಲ್ಟು ಹಿಡಿದುಕೊಂಡಿತು. ಮೇಲಿದ್ದ ಜೊತೆಗಾರ ಜಮೀರ್ ಇಳಿದು ಬಂದು ಎಳೆದುಕೊಳ್ಳುವವರೆಗೆ ಅವನು ಕತ್ತಲಲ್ಲಿ ತೂಗಾಡುತ್ತಿದ್ದ. ಗಾಯವೇನೂ ಆಗಲಿಲ್ಲ. ಜಮೀರ್ ಎರಡೇ ದಿನಕ್ಕೆ ಮರೆತ. ದುರುಗೇಶನ ಮೊಣಕಾಲುಗಳು ಮರೆಯಲಿಲ್ಲ.

ಹೇಳಿಬಿಟ್ಟರೆ ಗೇಟಿನ ಕಾವಲಿಗೆ ಹಾಕುತ್ತಾರೆ. ಭರಮಸಾಗರದ ಬಸ್ ಸ್ಟ್ಯಾಂಡಿನಲ್ಲಿ ‘ಫ್ಯಾನ್ ದುರುಗೇಶ’ ಎಂದು ಕೂಗುವವರೇ ಬೆನ್ನ ಹಿಂದೆ ನಗುತ್ತಾರೆ. ಅದಕ್ಕಿಂತ ಸುಳ್ಳು ವಾಸಿ ಅನ್ನಿಸಿತು.

ಈ ವರ್ಷದ ತಪಾಸಣೆ ಒಬ್ಬೊಬ್ಬರೇ ಮಾಡುವುದು; ಅದರಲ್ಲಿ ಅವನ ಪಾಲಿಗೆ ಗುಡ್ಡದ ಮೇಲಿನ ಎಂಟು ಯಂತ್ರಗಳು ಬಂದವು. ಬುಡದ ಪ್ಯಾನೆಲಿನಲ್ಲಿ ಯಂತ್ರ ನಿಲ್ಲಿಸುತ್ತಿದ್ದ. ಅದು ನಿಂತ ಹೊತ್ತು ಆಫೀಸಿನ ಕಂಪ್ಯೂಟರಿನಲ್ಲಿ ತಾನಾಗಿಯೇ ದಾಖಲಾಗುತ್ತಿತ್ತು. ಕಂಬದ ಬಾಗಿಲು ಹಾಕಿಕೊಂಡು ಮೊದಲ ಅಟ್ಟದವರೆಗೆ ಮಾತ್ರ ಹತ್ತಿ, ಉಕ್ಕಿನ ಗೋಡೆಗೆ ಬೆನ್ನು ಕೊಟ್ಟು ಮೂರು ಗಂಟೆ ಕೂರುತ್ತಿದ್ದ. ಇಳಿಯುವ ಮುಂಚೆ ಮೊಣಕೈಗೆ ಗ್ರೀಸ್ ಬಳಿದುಕೊಳ್ಳುತ್ತಿದ್ದ. ಬೆವರಿನಂತೆ ಕಾಣಲೆಂದು ಬಾಟಲಿಯಲ್ಲಿ ನೀರು ಒಯ್ದಿದ್ದ; ಅದು ಒಮ್ಮೆಯೂ ಬೇಕಾಗಲಿಲ್ಲ.

ವರದಿಗೆ ಹಾಕಿದ ಫೋಟೋಗಳು ಎರಡು ವರ್ಷದ ಹಿಂದೆ ತಾನೇ ತೆಗೆದವು. ತಾರೀಖು ಬದಲಿಸಿದ. ಒಂದೊಂದನ್ನೂ ದೊಡ್ಡದು ಮಾಡಿ ಬೋಲ್ಟು ಬೋಲ್ಟನ್ನೂ ನೋಡಿದ. ಈಗ ಕೈಗವಸಿನ ಬಣ್ಣ ಬೇರೆ, ಹಾಗಾಗಿ ಕೈ ಕಾಣುವ ಫೋಟೋಗಳನ್ನೆಲ್ಲ ಬಿಟ್ಟ. ಹೊಸದುರ್ಗದ ಕಡೆಯಿಂದ ಹೊಸದಾಗಿ ಬಂದಿದ್ದ ಎಂಜಿನಿಯರ್ ಉಷಾರಾಣಿ ಎಂಟು ವರದಿಗಳಿಗೂ ಸಹಿ ಹಾಕಿದಳು. ಇದೊಂದು ವರ್ಷ ನೋಡದಿದ್ದರೆ ಕಬ್ಬಿಣಕ್ಕೇನಾಗುತ್ತದೆ, ಮುಂದಿನ ವರ್ಷದ ಹೊತ್ತಿಗೆ ಭಯ ಹೋಗಿರುತ್ತದೆ ಎಂದು ದುರುಗೇಶ ತನಗೆ ತಾನೇ ಹೇಳಿಕೊಂಡ.

ಅಕ್ಟೋಬರಿನಲ್ಲಿ ಒಂಬತ್ತನೇ ನಂಬರಿನ ಯಂತ್ರದ ರೆಕ್ಕೆಗೆ ಸಿಡಿಲು ಬಡಿಯಿತು. ಕಂಬದ ತುದಿಯಲ್ಲಿರುವ ಕೋಣೆಯ ಚಾವಣಿಯ ಮೇಲೆ ಹಗ್ಗ ಬಿಗಿಯುವ ಹಳದಿ ಕೊಂಡಿಯೊಂದಿದೆ. ಅದಕ್ಕೆ ಜೋತುಬಿದ್ದು ರೆಕ್ಕೆಗೆ ತೇಪೆ ಹಾಕಬೇಕು. ಆ ಕೆಲಸ ಜಮೀರನಿಗೆ ಬಂತು. ಆ ಯಂತ್ರ ದುರುಗೇಶನ ಎಂಟರಲ್ಲಿ ಒಂದು.

ಬುಡದಲ್ಲಿ ನಿಂತು ಬೆಲ್ಟು ಬಿಗಿಯುತ್ತ ಜಮೀರ್ ಕೇಳಿದ, “ಲೇ ದುರುಗ, ಮ್ಯಾಲಿನ ಕೊಂಡಿ ಗಟ್ಟಿ ಐತೇನ್ಲೇ?”

“ಐತೆ.”

“ನೀನೇ ನೋಡಿದ್ದಲ್ವಾ?”

“ನೋಡೀನಿ ಅಂದ್ನಲ್ಲ.” ದುರುಗೇಶ ಜಮೀರನ ಹಗ್ಗದ ಸುರುಳಿ ಹಿಡಿದು ನಿಲ್ಲಿಸಿದ. “ಗಾಳಿ ಜಾಸ್ತಿ ಐತೆ ಕಣೋ. ನಾಳೆ ನೋಡಾಣ.”

ಜಮೀರ್ ಸುತ್ತಲಿನ ಹುಲ್ಲು ನೋಡಿದ. ಒಂದು ಎಸಳೂ ಅಲುಗುತ್ತಿರಲಿಲ್ಲ. “ಎಲ್ಲೈತಲೇ ಗಾಳಿ?” ಎಂದು ನಕ್ಕು ಕಂಬದೊಳಗೆ ಹೋದ. ನೀನು ಗಟ್ಟಿ ಅಂದ ಮೇಲೆ ಮುಗೀತು ಎಂಬಂತಿತ್ತು ಆ ನಗು.

ಮೆಟ್ಟಿಲ ಸದ್ದು ಮೇಲೆ ಮೇಲೆ ಹೋಗಿ ಕೇಳದಾಯಿತು. ಕೂಗಿಬಿಡಬೇಕು ಅನ್ನಿಸಿತು. ಕಂಬದ ಬಾಗಿಲವರೆಗೆ ಹೋಗಿ ಹಿಂದಿರುಗಿದ. ಎರಡು ವರ್ಷದ ಹಿಂದೆ ಕೊಂಡಿ ಚೆನ್ನಾಗಿತ್ತು, ಈಗಲೂ ಇರುತ್ತದೆ. ಇರಲೇಬೇಕು. ತಲೆ ಎತ್ತಿ ನೋಡಲು ಹೋದರೆ ಕಂಬವೇ ಅವನ ಮೇಲೆ ವಾಲಿದಂತಾಗಿ, ಬುಡದ ಕಾಂಕ್ರೀಟನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರಿಸಿದ. ಏನಾದರೂ ಬಿದ್ದ ಸದ್ದಾಗುತ್ತದೆಂದು ಕಿವಿ ಕಾಯುತ್ತಿತ್ತು. ಅರ್ಧ ಗಂಟೆಯಾಯಿತು. ಜೇಬಿನಲ್ಲಿ ಫೋನು ಅದುರಿದಾಗ ಅವನು ಚೀರಿಯೇಬಿಟ್ಟ.

ಉಷಾರಾಣಿ. “ದುರುಗೇಶ್, ಒಂಬತ್ತನೇ ಫ್ಯಾನು ಹತ್ತಿದ್ದು ಹೋದ ತಿಂಗಳಲ್ವಾ?”

“ಹೂಂ ಮೇಡಂ.”

“ಹಗ್ಗ ಕಟ್ಟೋಕೆ ಮುಂಚೆ ಕೊಂಡಿ ಒಂದ್ಸಲ ನೋಡ್ರಿ ಅಂತ ಜಮೀರ್‌ಗೆ ಹೇಳಿದ್ದೆ. ಕೊಂಡಿ ಬುಡದಾಗೆ ಬಿರುಕು ಬಿಟ್ಟೈತಂತೆ. ಇಳೀರಿ ಅಂದೀನಿ, ಇಳೀತಿದಾನೆ.”

ದುರುಗೇಶನ ಎದೆಯಿಂದ ದೊಡ್ಡ ಉಸಿರೊಂದು ಹೊರಬಿತ್ತು. ಕಣ್ಣು ಮಂಜಾಯಿತು. ಜಮೀರ್ ಬದುಕಿದ. ಒಂದು ತಿಂಗಳಲ್ಲಿ ಬಿರುಕು ಬಿಡಬಾರದೆಂದೇನಿದೆ, ಸಿಡಿಲು ಬೇರೆ ಬಡಿದಿದೆ. ಯಾರು ತಾನೇ ಸುಳ್ಳೆಂದಾರು? “ಸಿಡ್ಲಿಗೆ ಆಗಿರ್ಬೇಕು ಮೇಡಂ,” ಅಂದ. “ನಾನು ನೋಡ್ದಾಗ ಚೆನ್ನಾಗಿತ್ತು.”

“ನಾನೂ ಹಂಗೇ ಅನ್ಕಂಡೆ. ಅದಕ್ಕೇ ನಿಮ್ಮ ಫೋಟೋ ತೆಗೆದು ನೋಡ್ದೆ. ಕೊಂಡಿ ಚೆನ್ನಾಗೇ ಐತೆ. ಅದರ ಹಿಂದ್ಗಡೆ ಕೆಳಗೇನು ಕಾಣ್ತೈತೆ, ಸ್ವಲ್ಪ ನೋಡ್ರಿ.”

ಅವನು ಫೋಟೋ ತೆರೆದ. ಕೊಂಡಿಯ ಬೋಲ್ಟುಗಳನ್ನು ಹತ್ತಾರು ಸಲ ನೋಡಿದ್ದ. ಆದರೆ ಚಾವಣಿಯ ಅಂಚು ಮುಗಿದು ನೆಲ ಆಳದಲ್ಲಿ ಕಾಣುವ ಆ ಮೂಲೆಯನ್ನು ಫೋಟೋದಲ್ಲಿ ಕೂಡ ನೋಡುವ ಧೈರ್ಯ ಅವನಿಗಿರಲಿಲ್ಲ; ಪ್ರತಿ ಸಲವೂ ಅಲ್ಲಿಗೆ ಬಂದಾಗ ಕಣ್ಣು ತಾನಾಗಿಯೇ ತಿರುಗಿಬಿಡುತ್ತಿತ್ತು. ಈಗ ನೋಡಿದ. ಎರಡು ತಿಂಗಳಿಂದ ಕೋಡಿ ಹರಿಯುತ್ತಿರುವ ಭರಮಸಾಗರದ ಕೆರೆ, ಅಲ್ಲಿ ಈ ದಡದಿಂದ ಆ ದಡದವರೆಗೆ ಒಣಗಿ ಬಿರಿದು ಬಿದ್ದಿತ್ತು. ಅದರ ನಟ್ಟನಡುವೆ ಕುರಿ ಹಿಂಡೊಂದು ದೂಳೆಬ್ಬಿಸುತ್ತ ಹೋಗುತ್ತಿತ್ತು.