ಏಳನೇ ಚಾನೆಲ್

೧೯೯೪ರಲ್ಲಿ ನಾನು ಕೆ.ಜಿ.ಎಫ್.ನ ಗಣಿಯೊಂದರಲ್ಲಿ ಬಂಡೆಯ ಸದ್ದು ಕೇಳುವ ಕೆಲಸದಲ್ಲಿದ್ದೆ. ಸುರಂಗದ ಎಂಟು ಕಡೆ ಇಟ್ಟ ಉಪಕರಣಗಳು ಹಿಡಿದ ಸದ್ದು, ಒಂದೊಂದಕ್ಕೆ ಒಂದು ಚಾನೆಲ್‌ನಂತೆ, ಒಂದೇ ಫೈಲಿನಲ್ಲಿ ದಾಖಲಾಗುತ್ತಿತ್ತು. ಫೈಲು ಎಷ್ಟು ದೊಡ್ಡದೆಂದರೆ, ನಮ್ಮ ಕಂಪ್ಯೂಟರಿನಲ್ಲಿ ಒಮ್ಮೆಗೆ ಒಂದೇ ಚಾನೆಲ್ ತೆರೆಯಬಹುದಿತ್ತು. ಬಂಡೆ ಸಿಡಿಯುವ ಲಕ್ಷಣವಿಲ್ಲವೆಂದು ನಾನು ಸಹಿ ಹಾಕಿದ ಮೇಲೆಯೇ ಬೆಳಗಿನ ಆರರ ಪಾಳಿ ಕೆಳಗಿಳಿಯುತ್ತಿತ್ತು. ಆ ಪಾಳಿಯಲ್ಲಿ ನನ್ನ ತಮ್ಮ ಕದಿರಪ್ಪನೂ ಇದ್ದ.

ಒಂದು ದಿನ ನಸುಕಿನಲ್ಲಿ ಏಳನೇ ಚಾನೆಲ್‌ನಲ್ಲಿ ಯಾರೋ ಬಂಡೆಯನ್ನು ಒಂದೇ ಸಮನೆ ತಟ್ಟುತ್ತಿದ್ದರು. ಹೆಡ್‌ಫೋನು ಕಿವಿಗೆ ತಣ್ಣಗೆ ತಾಗುತ್ತಿತ್ತು.

“ಏಳನೇದಾ?” ಮೆಕ್ಯಾನಿಕ್ ಮುನಿಸ್ವಾಮಪ್ಪ ನಕ್ಕರು. “ಅದ್ನ ಮೊನ್ನೇನೇ ಬಿಚ್ಕೊಂಡು ಮೇಲಕ್ಕೆ ತಂದಿವ್ನಿ ಕಣಮ್ಮ. ನೋಡು, ನಿನ್ ಕಾಲತ್ರಾನೇ ಬಿದ್ದೈತೆ.”

ಉಪಕರಣ ಮೇಜಿನ ಕೆಳಗಿತ್ತು. ಅದಕ್ಕೆ ತಂತಿಯೇ ಇರಲಿಲ್ಲ.

ನಾನು ಸಹಿ ಹಾಕಲಿಲ್ಲ. ಕದಿರಪ್ಪ ಕಿಟಕಿಯ ಬಳಿ ಬಂದು, “ಅಕ್ಕಾ, ನಿನ್ ಡಬ್ಬಕ್ಕೆ ನೆಗಡಿ ಬಂದ್ರೆ ನಾವು ಮನೇಗೋಗ್ಬೇಕಾ?” ಎಂದು ರೇಗಿದ. ಆ ಪಾಳಿಯವರು ಕೆಳಗಿಳಿಯದೆ ಮನೆಗೆ ಹೋದರು.

ಆ ದಿನ ಗಣಿಯಲ್ಲಿ ಯಾವ ಬಂಡೆಯೂ ಸಿಡಿಯಲಿಲ್ಲ. ರೆಕಾರ್ಡಿಂಗನ್ನು ನಾನು ಐದಕ್ಕೇ ನಿಲ್ಲಿಸಿದ್ದೆ. ಆದರೂ ಆರು ಗಂಟೆಗೆ ಫೈಲು ತಾನಾಗಿ ಬೆಳೆಯತೊಡಗಿತು. ಮಧ್ಯಾಹ್ನ ಎರಡಕ್ಕೆ, ಕದಿರಪ್ಪನ ಪಾಳಿ ಮುಗಿದು ಮೇಲೆ ಬರಬೇಕಿದ್ದ ಹೊತ್ತಿಗೆ, ನಿಂತಿತು.