ವಿಲೇವಾರಿ

"ಈ ಅಂಕಪಟ್ಟಿಯನ್ನ ಇಲ್ಲಿ ಬೇರೆ ಯಾರಿಗಾದ್ರೂ ತೋರಿಸಿದ್ರಾ?"

ಕಿಂಡಿಯಾಚೆ ಕೂತಿದ್ದ ವಿಶ್ವವಿದ್ಯಾಲಯದ ದಾಖಲೆ ವಿಭಾಗದ ಗುಮಾಸ್ತ ಅಷ್ಟು ಮೆಲ್ಲಗೆ ಕೇಳಿದ್ದೇಕೆ ಅಂತ ಅವಳಿಗೆ ತಿಳಿಯಲಿಲ್ಲ.

"ಇಲ್ಲ... ಯಾಕೆ?"

"ತೋರಿಸ್ಬೇಡಿ. ಬಂದ್ರೆ ನನ್ನ ಹತ್ರಾನೇ ಬನ್ನಿ."

ಅವನ ಕಣ್ಣಲ್ಲಿ ಅಂಜಿಕೆ ಇತ್ತು. ಚೆಂದದ ಕಣ್ಣುಗಳು ಅನ್ನೋದೂ ನಿಜ. ಇಂಥ ಹೊತ್ತಲ್ಲಿ ಅದನ್ನು ಗಮನಿಸಿದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು.

ಅವಳು ಆಸ್ಪತ್ರೆಯಲ್ಲಿ ನರ್ಸ್. ಓದಿದ ಕಾಲೇಜು ಎಂದೋ ಬಾಗಿಲು ಹಾಕಿತ್ತು. ಆ ಕಾಲೇಜಿನ ಹೆಸರಲ್ಲಿ ಯಾರೋ ನಕಲಿ ಅಂಕಪಟ್ಟಿ ಮಾರಿದ್ದಾರೆ ಅಂತ ಗುಲ್ಲೆದ್ದ ಮೇಲೆ, ಅಲ್ಲಿ ಓದಿದವರೆಲ್ಲ ವಿಶ್ವವಿದ್ಯಾಲಯದಿಂದ ದೃಢೀಕರಣ ಪತ್ರ ತರಿಸಬೇಕೆಂದು ಆಸ್ಪತ್ರೆ ಗಡುವು ಕೊಟ್ಟಿತ್ತು. ಪತ್ರ ಬಾರದಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಜೊತೆಗೆ ಓದಿದ ಗೆಳತಿಯನ್ನು ಆಗಲೇ ಮನೆಗೆ ಕಳಿಸಿದ್ದರು. ಇವಳು ಸಿರಿಂಜ್ ಹಿಡಿದರೆ ಸಾಕು, ರೋಗಿಯ ಕಡೆಯವರು ಗುಸುಗುಸು ಅನ್ನುತ್ತಿದ್ದರು.

ಅವಳು ಆ ಕಚೇರಿಗೆ ಮತ್ತೆ ಮತ್ತೆ ಹೋದಳು. ಹೋದಾಗಲೆಲ್ಲ ಆ ಕಟ್ಟಡದಲ್ಲಿ ಏನೋ ಒಂದು ಕಡಿಮೆಯಾಗಿರುತ್ತಿತ್ತು. ಒಮ್ಮೆ ಬೀರುಗಳು ಖಾಲಿ, ಇನ್ನೊಮ್ಮೆ ಪಕ್ಕದ ಕೋಣೆಗೆ ಬೀಗ. ವಿಭಾಗದ ಮುಖ್ಯಸ್ಥ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಹಿತ್ತಲಲ್ಲಿ ಮೂಟೆಗಟ್ಟಲೆ ಕಾಗದ ಉರಿಯುತ್ತಿತ್ತು. ಮುಂದೊಂದು ಬೋರ್ಡು: 'ಹಳೆಯ ದಾಖಲೆಗಳ ವಿಲೇವಾರಿ ನಡೆಯುತ್ತಿದೆ.'

"ನಮ್ಮ ಕಾಲೇಜಿನದೂ ಅದರಲ್ಲೇ ಹೋಯ್ತಾ?"

"ಹುಡುಕ್ತಿದ್ದೀನಿ." ಗುಮಾಸ್ತನ ತೋಳೆಲ್ಲ ಧೂಳು. "ನಿಮ್ಮದು ಊಟ ಆಯ್ತಾ?"

"ಅನ್ನಕ್ಕೇ ಕಲ್ಲು ಬೀಳೋ ಹಾಗಿದೆ, ಊಟ ಕೇಳ್ತೀರಲ್ಲ."

ಅವನು ನಕ್ಕ. ಅವಳಿಗೂ ನಗು ಬಂದುಬಿಟ್ಟಿತು. ಅಂದು ತನ್ನ ಕುರ್ಚಿಯನ್ನೇ ಈಚೆಗೆ ತಂದು ಅವಳನ್ನು ಕೂರಿಸಿ, ತಾನು ನಿಂತೇ ಕಡತ ತಿರುವಿದ. ಫೋನ್ ನಂಬರು ಕೊಟ್ಟು ತಗೊಂಡದ್ದೂ ಅಂದೇ.

"ಆಫೀಸಿಗೆ ಅಲೆಯೋರು ಇಷ್ಟು ಸಲ ತಲೆ ಬಾಚ್ಕೊಳ್ಳಲ್ಲ ಕಣೇ," ಅಂದಳು ಅಕ್ಕ.

"ಸುಮ್ನಿರಕ್ಕ."

ಅಕ್ಕ ಸುಮ್ಮನಾದಳು. ಇವಳ ಮನಸ್ಸು ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಗಡುವಿನ ಹಿಂದಿನ ದಿನ ಅವನ ಮೆಸೇಜ್ ಬಂತು.

'ನಿಮ್ಮದು ವಿಲೇವಾರಿ ಆಗಿದೆ. ಇನ್ನು ಇಲ್ಲಿಗೆ ಬರಬೇಡಿ. ಫೋನೂ ಮಾಡಬೇಡಿ.'

ಅವಳು ಅದನ್ನೇ ಮತ್ತೆ ಓದಿದಳು. ಕಸ ವಿಲೇವಾರಿ ಅಂತಾರಲ್ಲ, ಹಾಗೆ... ನನ್ನ ಓದೆಲ್ಲ ಬೂದಿ! ಇದಕ್ಕೇನಾ ಬೇರೆ ಯಾರಿಗೂ ತೋರಿಸಬೇಡಿ ಅಂದದ್ದು? ಇವನೂ ಆ ನಕಲಿ ಮಾರಿದವರಲ್ಲೊಬ್ಬನಾ?

ಅವನ ನಂಬರು ಅಳಿಸಿ, ದಿಂಬಿಗೆ ಮುಖ ಒತ್ತಿ ಅತ್ತಳು. ಕೆಲಸಕ್ಕಾಗಿ ಅತ್ತದ್ದೆಷ್ಟು, ಅವನಿಗಾಗಿ ಅತ್ತದ್ದೆಷ್ಟು, ಅವಳಿಗೇ ಗೊತ್ತಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮೇಟ್ರನ್ ಕರೆದರು. ಅವಳು ಯೂನಿಫಾರಂ ಮಡಚಿ ಹಿಡಿದುಕೊಂಡೇ ಹೋದಳು.

"ಇದೇನಮ್ಮಾ ಇದು?"

"ಒಪ್ಪಿಸೋಕೆ ಮೇಡಂ. ನನ್ನ ದಾಖಲೆ ವಿಲೇವಾರಿ ಮಾಡಿಬಿಟ್ರಂತೆ."

"ಹೌದು, ಮಾಡಿದ್ದಾರೆ. ನೋಡಿಲ್ಲಿ." ಮೇಜಿನ ಮೇಲೆ ಮೊಹರು ಬಿದ್ದ ದೃಢೀಕರಣ ಪತ್ರವಿತ್ತು. "ಆಫೀಸಿನೋರು ವಿಲೇವಾರಿ ಅಂದ್ರೆ ಕಡತದ ಕೆಲಸ ಮುಗೀತು, ತೀರ್ಮಾನ ಆಯ್ತು ಅಂತ. ಕಸ ಎಸೆದ್ರು ಅಂದ್ಕೊಂಡ್ಯಾ?"

ಅವಳಿಗೆ ಖುಷಿ ಪಡಲೂ ಪುರುಸೊತ್ತಾಗಲಿಲ್ಲ. ಹಾಗಾದರೆ ಬರಬೇಡಿ ಅಂದದ್ದು ಯಾಕೆ?

ಅವಳು ಓಡಿಬಂದಾಗ ದಾಖಲೆ ವಿಭಾಗದ ಕಿಂಡಿ ಮುಚ್ಚಿತ್ತು. ಹೊರಗೆ ಕೂತಿದ್ದ ಮುದುಕ ಜವಾನ ಅತ್ತಿತ್ತ ನೋಡಿ ಹೇಳಿದ: "ನಮ್ಮ ಗುಮಾಸ್ತರು ಉರಿಯೋ ಮೂಟೆಯಿಂದ ನಿಮ್ಮ ಕಾಲೇಜಿನ ಅಂಕದ ಪುಸ್ತಕ ಎಳ್ಕೊಂಡು ಸೀದಾ ಕುಲಸಚಿವರ ಮುಂದಿಟ್ಟು ನಿಮ್ಮ ಪತ್ರ ಮಾಡಿಸಿದ್ರು ಕಣಮ್ಮಾ. ನಕಲಿ ಮಾರಿದ್ದು ಮುಚ್ಚೋಕೆ ಸುಡಿಸ್ತಿದ್ದ ಮುಖ್ಯಸ್ಥರು ಸುಮ್ನಿರ್ತಾರಾ? ದಾಖಲೆ ಕದ್ದ ಅಂತ ದೂರು ಕೊಟ್ರು. ಈಗ ಇವರಿಗೇ ಅಮಾನತಾಗಿದೆ. ಅಂಗಳದಲ್ಲಿ ಇರ್ಬೇಕು, ನೋಡಿ."

ಅವನು ಕಲ್ಲುಬೆಂಚಿನ ಮೇಲೆ ಕೂತಿದ್ದ. ಬಲಗೈಗೆ ಹೇಗೋ ಸುತ್ತಿದ ಬಟ್ಟೆ.

"ಬರಬೇಡಿ ಅಂದಿದ್ದೆನಲ್ಲ," ಅಂದ ಗಾಬರಿಯಿಂದ. "ನನ್ನ ಜೊತೆ ನಿಮ್ಮನ್ನ ನೋಡಿದ್ರೆ, ಸಲುಗೆಯಿಂದ ಪತ್ರ ಮಾಡಿಸಿಕೊಟ್ಟ ಅಂತಾರೆ. ನಿಮ್ಮ ಕೆಲಸಕ್ಕೂ ಕುತ್ತು."

ಅವಳು ಪಕ್ಕದಲ್ಲಿ ಕೂತು ಬಟ್ಟೆ ಬಿಚ್ಚಿದಳು. ಅಂಗೈ ಬೊಬ್ಬೆಯೆದ್ದಿತ್ತು.

"ಸುಟ್ಟಗಾಯಕ್ಕೆ ಹೀಗಾ ಕಟ್ಟೋದು?" ಅಂದಳು. "ನಿಮ್ಮನ್ನ ಮೋಸಗಾರ ಅಂದ್ಕೊಂಡೆ ನಾನು..."

"ಅಂದ್ಕೊಂಡ್ರೆ ದೂರ ಇರ್ತೀರಲ್ಲ, ಅಷ್ಟು ಸಾಕು ಅಂತಿದ್ದೆ."

"ನಿಮಗೇನೂ ಅನ್ನಿಸಲಿಲ್ವಾ?"

ಅವನು ಅವಳತ್ತ ತಿರುಗಿದ. "ನೀವಂದ್ರೆ ನನಗೆ ಪ್ರಾಣ. ಅದಕ್ಕೇ ಹಾಗೆ ಬರೆದೆ."

ಅವಳು ತನ್ನ ಕರ್ಚೀಫನ್ನು ಹಗುರವಾಗಿ ಸುತ್ತಿ ಕಟ್ಟಿ, ಗಾಯವಿಲ್ಲದ ಇನ್ನೊಂದು ಕೈ ಹಿಡಿದುಕೊಂಡಳು. ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಆಮೇಲೆ ಇನ್ನೊಂದು. ಅಲ್ಲಿಂದ ಮುಖ್ಯಸ್ಥ ಫೋನೆತ್ತಿ ಅವರಿಬ್ಬರ ಫೋಟೋ ತೆಗೆಯುತ್ತಿದ್ದ.

"ನೋಡ್ತಿದ್ದಾರೆ," ಅಂದ ಅವನು. "ಕೈ ಬಿಡಿ."

"ನೋಡ್ಲಿ. ನಾನು ಬಿಡಲ್ಲ." ಅವಳು ಕಿಟಕಿಯ ಕಡೆಗೇ ತಿರುಗಿ ಕೂತಳು. "ನೀವು ನನ್ನ ಕೈ ಬಿಡ್ತೀರಾ?"

"ಇಲ್ಲ," ಅಂದ.